ಒಂದು ಅವಧಿಯಲ್ಲಿ ಮೂರು ಶಾಸ್ತ್ರಗಳು

ಅಮೆರಿಕಾ ದೇಶದಲ್ಲಿ ನೆಲಸಿರುವ ಮಗಳಿಂದಲೋ ಸೊಸೆಯಿಂದಲೋ, “ನರ್ಸಿಂಗ್ ಓದಬೇಕೆಂದು ಕಾಲೇಜಿಗೆ ಸೇರಿದ್ದೇನೆ” ಎಂಬ ವರ್ತಮಾನವು ಈಗ ನಮ್ಮ ಕೆಲವು ಮನೆಗಳಿಗೆ ಬರುವುದುಂಟು. ಇಲ್ಲಿರುವ ಹಿರಿಯರು ಸಂತೋಷಪಟ್ಟು, ಇನ್ನೆರಡು ವರ್ಷಗಳಲ್ಲಿ ಹುಡುಗಿ ಆಸ್ಪತ್ರೆಯ ಕೆಲಸಕ್ಕೆ ಹೋಗುವಳೆಂದು ಬೆರಳು ಮಡಿಸಿ ಎಣಿಸುವರು. ವರ್ಷವೊಂದು ಕಳೆದ ಮೇಲೆ ವಿಚಾರಿಸಿದರೆ, ನರ್ಸಿಂಗ್ ಶಾಲೆಗೆ ಇನ್ನೂ ಅರ್ಜಿಯನ್ನೇ ಹಾಕಿಲ್ಲವೆಂದು ಉತ್ತರ ಬರುವುದು. ಮನೆಯವರಿಗೆ ಅನುಮಾನ, ಹುಡುಗಿಗೆ ಸಂಕೋಚ. ಹಾಗಾದರೆ ಒಂದು ವರ್ಷ ಅವಳು ಓದಿದ್ದೇನು? ಈ ಪ್ರಶ್ನೆಗೆ ಉತ್ತರವನ್ನು ನಾವು 2023ನೆಯ ಇಸವಿಯಲ್ಲಿ ಹ್ಯೂಸ್ಟನ್ ನಗರದ ಹೊರವಲಯದಲ್ಲಿ, ನಮ್ಮ ತಂಗಿಯ ಮಗನ ಮನೆಯಲ್ಲಿ, ಕಣ್ಣಾರೆ ಕಂಡೆವು. ತಂಗಿಯ ಸೊಸೆಯೇ ಆ ವಿದ್ಯಾರ್ಥಿನಿ. ಅವಳ ಒಪ್ಪಿಗೆಯಿಂದಲೇ ಇದನ್ನು ಬರೆಯುತ್ತಿದ್ದೇವೆ. ಹೆಸರು ಮಾತ್ರ ಬೇಡವೆಂದಳು.

ಅಲ್ಲಿ ನರ್ಸಿಂಗ್ ಶಾಲೆಯೆಂಬುದು ಒಳಮನೆ. ಅದಕ್ಕೆ ಮೊದಲು ಒಂದು ಜಗಲಿಯುಂಟು. ಆ ಜಗಲಿಗೆ ‘ಪ್ರೀ-ನರ್ಸಿಂಗ್’ ಎಂದು ಹೆಸರು. ನಮ್ಮ ದೇಶದಲ್ಲಾದರೆ ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನೋದಿದ ಹುಡುಗಿ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗಿಗೆ ಸೇರಿ, ಮೂಳೆ ಮಾಂಸಗಳ ವಿಚಾರವನ್ನು ಒಳಗೆ ಹೋದ ಮೇಲೆ ಕಲಿಯುವಳು. ಅಲ್ಲಿ ಹಾಗಲ್ಲ. ಶರೀರರಚನೆ ಮತ್ತು ಅಂಗಕ್ರಿಯೆಗಳನ್ನು ಎರಡು ಭಾಗಗಳಾಗಿ ಎರಡು ಅವಧಿಗಳಲ್ಲಿ ಓದಬೇಕು, ಸೂಕ್ಷ್ಮಜೀವಿಶಾಸ್ತ್ರವನ್ನೋದಬೇಕು, ಬಹಳ ಕಡೆ ರಸಾಯನಶಾಸ್ತ್ರವೂ ಬೇಕು. ಇವಲ್ಲದೆ ಸಂಖ್ಯಾಶಾಸ್ತ್ರ, ಮನಶ್ಶಾಸ್ತ್ರ, ಆಹಾರಶಾಸ್ತ್ರ, ಇಂಗ್ಲಿಷ್ ರಚನೆ ಮೊದಲಾದವು. ಇವುಗಳಲ್ಲಿ ಬಂದ ಶ್ರೇಣಿಗಳನ್ನು ಕೂಡಿಸಿ ಸರಾಸರಿ ತೆಗೆದು, ಅನೇಕ ಕಡೆ ಅದರ ಮೇಲೊಂದು ಪ್ರವೇಶಪರೀಕ್ಷೆಯನ್ನೂ ನಡೆಸಿ, ಆಮೇಲೆ ಯಾರನ್ನು ಒಳಗೆ ಬಿಡಬೇಕೆಂಬುದನ್ನು ನಿಶ್ಚಯಿಸುವರು. ಜಗಲಿಯಲ್ಲಿ ಕುಳಿತವರೆಲ್ಲರಿಗೂ ಒಳಗೆ ಎಲೆ ಹಾಕುವುದಿಲ್ಲ.

ಇಂಥ ಏರ್ಪಾಡು ಏಕೆ ಬಂದಿತೆಂಬುದಕ್ಕೆ ಹಿಂದಿನ ಕಥೆಯೊಂದುಂಟು. ಆ ದೇಶದ ಮೊದಲ ಶಿಕ್ಷಿತ ದಾದಿಯೆಂದು ಹೆಸರಾದ ಲಿಂಡಾ ರಿಚರ್ಡ್ಸ್ ಎಂಬಾಕೆ ಪ್ರಮಾಣಪತ್ರ ಪಡೆದದ್ದು 1873ರಲ್ಲಿ. ಅಂದಿನ ದಾದಿಯರ ಶಾಲೆಗಳು ಆಸ್ಪತ್ರೆಗಳ ಅಂಗವಾಗಿದ್ದವು. ಹುಡುಗಿಯರು ಹಗಲೆಲ್ಲ ರೋಗಿಗಳ ಸೇವೆಯಲ್ಲಿ ದುಡಿದು, ಉಳಿದ ಹೊತ್ತಿನಲ್ಲಿ ತೂಕಡಿಸುತ್ತ ಪಾಠ ಕೇಳುತ್ತಿದ್ದರು. ಆಸ್ಪತ್ರೆಯ ಕೆಲಸದ ಅವಸರಕ್ಕೆ ಹುಡುಗಿಯರ ಶಿಕ್ಷಣವು ಬಲಿಯಾಗುತ್ತಿದೆಯೆಂದು 1923ರಲ್ಲಿ ಜೋಸೆಫೀನ್ ಗೋಲ್ಡ್‌ಮಾರ್ಕ್ ಬರೆದ ವರದಿಯು ಎತ್ತಿ ತೋರಿಸಿತು. ಅದೇ ವರ್ಷ ಯೇಲ್ ವಿಶ್ವವಿದ್ಯಾನಿಲಯದಲ್ಲಿ ದಾದಿಯರ ಶಾಲೆಯು ಪ್ರಾರಂಭವಾಯಿತು. ಅಲ್ಲಿಂದೀಚೆಗೆ ಈ ಶಿಕ್ಷಣವು ಮೆಲ್ಲಮೆಲ್ಲನೆ ಆಸ್ಪತ್ರೆಯಿಂದ ಕಾಲೇಜಿಗೆ ಬಂದಿತು. ಒಳ್ಳೆಯದೇ ಆಯಿತು. ಆದರೆ ದಣಿವು ಮಾತ್ರ ಹುಡುಗಿಯರನ್ನು ಬಿಟ್ಟು ಹೋಗಲಿಲ್ಲ. ಅದು ರೂಪವನ್ನು ಬದಲಾಯಿಸಿಕೊಂಡಿತು.

ನಮ್ಮ ತಂಗಿಯ ಸೊಸೆಗೆ ಆಗ 31 ವರ್ಷ. ಮೈಸೂರಿನಲ್ಲಿ ಬಿ.ಕಾಂ. ಮುಗಿಸಿದವಳು, ಆರು ವರ್ಷದ ಗಂಡುಮಗುವಿನ ತಾಯಿ. ಬಿ.ಕಾಂ.ನಲ್ಲಿ ಮೂಳೆಯೂ ಇಲ್ಲ, ಮಾಂಸವೂ ಇಲ್ಲವಷ್ಟೆ. ಆದಕಾರಣ ವಿಜ್ಞಾನದ ವಿಷಯಗಳೆಲ್ಲವನ್ನೂ ಅವಳು ಮೊದಲಿನಿಂದ ಓದಬೇಕಾಗಿತ್ತು. 2023ರ ಆಗಸ್ಟಿನಲ್ಲಿ ಪ್ರಾರಂಭವಾಗುವ ಅವಧಿಗೆ ಅವಳು ಶರೀರಶಾಸ್ತ್ರದ ಮೊದಲ ಭಾಗ, ಸೂಕ್ಷ್ಮಜೀವಿಶಾಸ್ತ್ರ, ರಸಾಯನಶಾಸ್ತ್ರ ಈ ಮೂರನ್ನೂ, ಜೊತೆಗೆ ಸಂಖ್ಯಾಶಾಸ್ತ್ರವನ್ನೂ ಆರಿಸಿಕೊಂಡಳು. ಇಷ್ಟು ಅವಸರವೇಕೆಂದು ಕೇಳಿದೆವು. ಬರುವ ಫೆಬ್ರವರಿಯಲ್ಲಿ ಅರ್ಜಿ ಹಾಕಬೇಕಾದರೆ ಡಿಸೆಂಬರಿನೊಳಗೆ ಈ ಮೂರೂ ಮುಗಿದಿರಬೇಕು. ಶರೀರಶಾಸ್ತ್ರದ ಎರಡನೆಯ ಭಾಗವು ಮಾತ್ರ ನಡೆಯುತ್ತಿರಬಹುದು. ಈ ಅವಧಿ ತಪ್ಪಿದರೆ ಮುಂದಿನ ಆಗಸ್ಟಿನ ಪ್ರವೇಶವೂ ತಪ್ಪುವುದು. ಅಲ್ಲದೆ ವಿಜ್ಞಾನದ ವಿಷಯಗಳನ್ನು ಐದು ಅಥವಾ ಏಳು ವರ್ಷಗಳ ಒಳಗೆ ಓದಿದ್ದರೆ ಮಾತ್ರ ಒಪ್ಪುವ ಶಾಲೆಗಳು ಅನೇಕ. ನಿಧಾನಿಸಿದರೆ ಓದಿದ್ದೂ ಹಳಸಿಹೋಗಬಹುದು. “ವಯಸ್ಸಾಗುತ್ತಿದೆ ಮಾವ” ಎಂದಳು. ಮೂವತ್ತೊಂದು ವರ್ಷದವಳು ಅರವತ್ತೆಂಟು ವರ್ಷದವರ ಮುಂದೆ ಹೀಗೆ ಹೇಳಿದರೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕವನ್ನು ನೋಡಬೇಕು. ತಿಂಗಳ ಖರ್ಚಿನ ಪಟ್ಟಿಯನ್ನು ಬರೆದು ಅಭ್ಯಾಸವಿರುವ ಗೃಹಿಣಿಯರಿಗೆ ಇದು ಬೇಸರವಾಗಲಾರದು. ಅಲ್ಲಿ ವಿದ್ಯೆಯನ್ನು ‘ಕ್ರೆಡಿಟ್’ ಎಂಬ ಅಳತೆಯಲ್ಲಿ ಅಳೆಯುವರು. ಅಲ್ಲಿಯ ಸರ್ಕಾರದ ನಿಯಮದ ಪ್ರಕಾರ ಒಂದು ಕ್ರೆಡಿಟ್ ಎಂದರೆ ಸುಮಾರು 15 ವಾರಗಳ ಕಾಲ, ವಾರಕ್ಕೆ ಒಂದು ಗಂಟೆಯ ಪಾಠ ಮತ್ತು ಮನೆಯಲ್ಲಿ ಕಡೆಯಪಕ್ಷ ಎರಡು ಗಂಟೆಗಳ ಅಭ್ಯಾಸ. ಪ್ರಯೋಗಶಾಲೆಯುಳ್ಳ ವಿಜ್ಞಾನದ ವಿಷಯವೊಂದಕ್ಕೆ ಸಾಮಾನ್ಯವಾಗಿ 4 ಕ್ರೆಡಿಟ್. ಅಂದರೆ ಮೂರು ಗಂಟೆ ಪಾಠ, ಮೂರು ಗಂಟೆ ಪ್ರಯೋಗಶಾಲೆ, ಆರು ಗಂಟೆ ಓದು. ಒಟ್ಟು ವಾರಕ್ಕೆ 12 ಗಂಟೆ. ಇಂಥವು ಮೂರಾದರೆ 36. ಸಂಖ್ಯಾಶಾಸ್ತ್ರದ 3 ಕ್ರೆಡಿಟ್‌ಗಳಿಗೆ ಇನ್ನೊಂದು 9. ಮೊತ್ತ 45 ಗಂಟೆ.

ವಾರಕ್ಕೆ ಇರುವ ಗಂಟೆಗಳು 168. ದಿನಕ್ಕೆ ಏಳು ಗಂಟೆಯಂತೆ ನಿದ್ರೆಗೆ 49 ಹೋಯಿತು. ಓದಿಗೆ 45. ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಅವಳ ಕೆಲಸಕ್ಕೆ 16. ಕಾರಿನ ಓಡಾಟಕ್ಕೆ 10. ಉಳಿದದ್ದು 48, ದಿನಕ್ಕೆ ಏಳು ಗಂಟೆಗೂ ಕಡಮೆ. ಅಡಿಗೆ, ಊಟ, ಸ್ನಾನ, ಬಟ್ಟೆ, ಮಗುವಿನ ಪಾಠ, ಗಂಡನೊಡನೆ ನಾಲ್ಕು ಮಾತು, ಊರಿಗೆ ಟೆಲಿಫೋನು, ಎಲ್ಲವೂ ಅದರಲ್ಲಿಯೇ. ಈ ಪಟ್ಟಿಯನ್ನು ಅವಳು ಮೊದಲೇ ಬರೆದಿದ್ದಳು. ತಣ್ಣಗಿಡುವ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿಯೂ ಇದ್ದಳು. ಕಾಗದದ ಮೇಲೆ ಎಲ್ಲವೂ ಹಿಡಿಸಿತ್ತು. ಒಳ್ಳೆಯ ಪಟ್ಟಿಯೆಂದು ನಾವೂ ಹೊಗಳಿದೆವು.

ಪಟ್ಟಿಯಲ್ಲಿ ಕಾಣದ ಸಂಗತಿಗಳು ಎರಡನೆಯ ತಿಂಗಳಿನಲ್ಲಿ ಕಂಡವು. ಮೂರು ಶಾಸ್ತ್ರಗಳೂ ‘ಕಷ್ಟ’ವೆಂದು ಹೊರಗಿನವರು ಒಂದೇ ಮಾತಿನಲ್ಲಿ ಹೇಳಿಬಿಡುವರು. ಆದರೆ ಮೂರೂ ಬೇಡುವ ಶ್ರಮ ಬೇರೆ ಬೇರೆ ಜಾತಿಯದು.

ಶರೀರಶಾಸ್ತ್ರವು ನೆನಪನ್ನು ಬೇಡುವುದು. ಬೆಳೆದ ಮನುಷ್ಯನ ದೇಹದಲ್ಲಿ 206 ಮೂಳೆಗಳು. ಪ್ರತಿಯೊಂದರಲ್ಲಿಯೂ ಹೆಸರಿರುವ ಗುಣಿಗಳು, ಏಣುಗಳು, ರಂಧ್ರಗಳು. ಅವುಗಳ ಮೇಲೆ 600ಕ್ಕೂ ಮಿಕ್ಕ ಮಾಂಸಖಂಡಗಳು. ತಲೆಯಿಂದ ಹೊರಡುವ 12 ಜೊತೆ ನರಗಳು. ಇದರ ಪ್ರಯೋಗಪರೀಕ್ಷೆಯ ರೀತಿಯನ್ನು ಕೇಳಿದರೆ ವಾಚಕರಿಗೆ ನಮ್ಮ ಹಳೆಯ ಮಠದ ಉಪಾಧ್ಯಾಯರ ನೆನಪು ಬಂದೀತು. ಮೇಜುಗಳ ಮೇಲೆ ಮೂಳೆಗಳನ್ನೂ ಮಾದರಿಗಳನ್ನೂ ಇಟ್ಟು, ಒಂದೊಂದು ಜಾಗಕ್ಕೆ ಚೀಟಿ ಅಂಟಿಸಿ ಸಂಖ್ಯೆ ಬರೆದಿರುವರು. ವಿದ್ಯಾರ್ಥಿಗಳು ಒಂದೊಂದು ಮೇಜಿನ ಮುಂದೆ ಒಂದು ನಿಮಿಷ ನಿಂತು, ಚೀಟಿಯಿರುವ ಭಾಗದ ಹೆಸರನ್ನು ಅಕ್ಷರ ತಪ್ಪದೆ ಬರೆದು, ಗಂಟೆ ಹೊಡೆದ ಕೂಡಲೆ ಮುಂದಿನ ಮೇಜಿಗೆ ಸರಿಯಬೇಕು. ಹಿಂದಕ್ಕೆ ಬರುವಂತಿಲ್ಲ. “ಮೂಳೆ ಕೈಯಲ್ಲಿರುತ್ತದೆ ಮಾವ, ಹೆಸರು ನಾಲಿಗೆಯ ತುದಿಯಲ್ಲಿರುತ್ತದೆ, ಗಂಟೆ ಹೊಡೆಯುತ್ತದೆ” ಎಂದು ಅವಳು ವರ್ಣಿಸಿದಳು.

ಸೂಕ್ಷ್ಮಜೀವಿಶಾಸ್ತ್ರವು ಬೇಡುವುದು ಹೊತ್ತನ್ನು. ಗಾಜಿನ ತಟ್ಟೆಯ ಮೇಲೆ ಬಿತ್ತಿದ ಜೀವಿಗಳು 37 ಡಿಗ್ರಿ ಶಾಖದಲ್ಲಿ ಒಂದು ದಿವಸವೋ ಎರಡು ದಿವಸವೋ ಬೆಳೆಯಬೇಕು. ಬೆಳೆದುದನ್ನು ಸರಿಯಾದ ಹೊತ್ತಿಗೆ ಬಂದು ನೋಡಬೇಕು. ಸೋಮವಾರ ತರಗತಿಯೆಂದು ಪಟ್ಟಿಯಲ್ಲಿ ಬರೆದಿದ್ದರೂ ಬುಧವಾರ ಇನ್ನೊಂದು ಸಾರಿ ಕಾಲೇಜಿಗೆ ಹೋಗದೆ ವಿಧಿಯಿಲ್ಲ. ಪ್ರತಿಯೊಬ್ಬರಿಗೂ ಹೆಸರು ತಿಳಿಸದ ಜೀವಿಯೊಂದನ್ನು ಕೊಳವೆಯಲ್ಲಿ ಕೊಟ್ಟು, ಅದು ಯಾವುದೆಂದು ಪರೀಕ್ಷೆಗಳಿಂದ ಕಂಡುಹಿಡಿಯಿರೆನ್ನುವರು. ಮೊದಲ ಪರೀಕ್ಷೆಯು ಡೆನ್ಮಾರ್ಕಿನ ಗ್ರಾಮ್ ಎಂಬ ವೈದ್ಯನು 1884ರಲ್ಲಿ ಪ್ರಕಟಿಸಿದ ಬಣ್ಣದ ವಿಧಾನ. ಮೊದಲು ನೇರಳೆ ಬಣ್ಣ, ಆಮೇಲೆ ಅಯೋಡಿನ್, ಆಮೇಲೆ ಆಲ್ಕೊಹಾಲ್‌ನಿಂದ ತೊಳೆತ, ಕೊನೆಗೆ ಕೆಂಪು ಬಣ್ಣ. ನೇರಳೆ ಉಳಿಸಿಕೊಂಡವು ಒಂದು ಪಂಗಡ, ಕೆಂಬಣ್ಣಕ್ಕೆ ತಿರುಗಿದವು ಇನ್ನೊಂದು. ತೊಳೆಯುವುದು ಕೆಲವು ಕ್ಷಣ ಹೆಚ್ಚಾದರೆ ಮೊದಲ ಪಂಗಡದ್ದೂ ಎರಡನೆಯದರಂತೆ ಕಾಣುವುದು. ಅಲ್ಲಿಂದ ಮುಂದಿನ ಪರೀಕ್ಷೆಗಳೆಲ್ಲ ದಾರಿ ತಪ್ಪುವುವು. ಅವಳಿಗೆ ಒಂದು ಸಾರಿ ಹಾಗೆಯೇ ಆಗಿ, ಮೂರು ದಿನದ ಕೆಲಸ ವ್ಯರ್ಥವಾಯಿತು.

ರಸಾಯನಶಾಸ್ತ್ರದ ಸ್ವಭಾವ ಇವೆರಡಕ್ಕಿಂತಲೂ ಭಿನ್ನ. ಅದು ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಶಾಸ್ತ್ರ. ಮೂಳೆಯ ಪಾಠ ತಪ್ಪಿದರೂ ಚರ್ಮದ ಪಾಠ ಅರ್ಥವಾಗಬಹುದು. ಆದರೆ ಪರಮಾಣುಗಳ ಎಣಿಕೆ ಅರ್ಥವಾಗದೆ ಸಮೀಕರಣವನ್ನು ಸರಿತೂಗಿಸಲಾಗದು, ಅದು ಬಾರದೆ ದ್ರಾವಣಗಳ ಲೆಕ್ಕ ಬಾರದು. ಎರಡು ವಾರ ಅಲಕ್ಷ್ಯ ಮಾಡಿದರೆ ಮೂರನೆಯ ವಾರ ಉಪಾಧ್ಯಾಯರು ಬೇರೆ ಭಾಷೆಯಲ್ಲಿ ಮಾತನಾಡುವಂತೆ ತೋರುವುದು. ನೆನಪು ಮತ್ತು ಹೊತ್ತುಗಳ ಸಾಲವನ್ನು ತೀರಿಸಲು ಅವಳು ಕದ್ದದ್ದು ಈ ಶಾಸ್ತ್ರದ ಗಂಟೆಗಳನ್ನು. ಏಳನೆಯ ವಾರದಲ್ಲಿ ಮೂರು ಶಾಸ್ತ್ರಗಳ ಪರೀಕ್ಷೆಗಳೂ ಐದು ದಿನಗಳೊಳಗೆ ಬಂದವು. ರಸಾಯನದಲ್ಲಿ ನೂರಕ್ಕೆ 52.

ಆ ರಾತ್ರಿ ಊಟವಾದ ಮೇಲೆ ಮಾತು ನಡೆಯಿತು. ಕಾಲೇಜಿನ ನಿಯಮದಂತೆ ಗೊತ್ತಾದ ದಿನದೊಳಗೆ ಒಂದು ವಿಷಯವನ್ನು ಬಿಟ್ಟುಬಿಡಬಹುದು. ಬಿಟ್ಟದ್ದು ದಾಖಲೆಯಲ್ಲಿ ಕಾಣುವುದಾದರೂ ಸರಾಸರಿಯಲ್ಲಿ ಸೇರುವುದಿಲ್ಲ. ಬಿಡಬೇಕೆ, ಬಿಡಬಾರದೆ? ನಾವು ಹಳೆಯ ಕಾಲದವರು. ಹಿಡಿದ ಕೆಲಸವನ್ನು ನಡುವೆ ಬಿಡಬಾರದೆಂದು ಗಟ್ಟಿಯಾಗಿ ಹೇಳಿದೆವು. ಅಂಗಡಿಯ ಕೆಲಸವನ್ನು ಬಿಡಲೆಂದು ನಮ್ಮ ಸೋದರಳಿಯನು ಹೇಳಿದನು. ನಮ್ಮ ತಂಗಿ ಏನನ್ನೂ ಹೇಳಲಿಲ್ಲ. ಸೊಸೆ ತಟ್ಟೆಯನ್ನು ನೋಡುತ್ತ, “ಬಿಟ್ಟರೆ ಎಲ್ಲರೂ ಸೋತಳು ಅನ್ನುವರು” ಎಂದಳು. ಯಾರು ಆ ಎಲ್ಲರು? ನಾವೇ, ಮತ್ತು ಇಲ್ಲಿ ಮೈಸೂರಿನಲ್ಲಿ ಬೆರಳು ಮಡಿಸಿ ಎಣಿಸುತ್ತಿದ್ದ ಅವಳ ತವರಿನವರು.

ನಮ್ಮ ಸಲಹೆ ತಪ್ಪೆಂಬುದು ಮರುದಿನವೇ ಗೊತ್ತಾಯಿತು. ಅಲ್ಲಿಯ ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಗೆ ಬುದ್ಧಿ ಹೇಳಲೆಂದೇ ಒಬ್ಬ ಸಲಹೆಗಾರರಿರುವರು. ಅವರು ಉಪದೇಶ ಮಾಡಲಿಲ್ಲವಂತೆ. ಕಾಗದ ತೆಗೆದು ಲೆಕ್ಕ ಹಾಕಿದರಂತೆ. ಅದನ್ನು ಅವಳು ಮನೆಗೆ ತಂದು ತೋರಿಸಿದಳು. ಶ್ರೇಣಿ ‘ಎ’ ಬಂದರೆ ಕ್ರೆಡಿಟ್ ಒಂದಕ್ಕೆ 4, ‘ಬಿ’ಗೆ 3, ‘ಸಿ’ಗೆ 2, ‘ಡಿ’ಗೆ 1. ನಾಲ್ಕನ್ನೂ ಎಳೆದುಕೊಂಡು ಹೋಗಿ, ಶರೀರದಲ್ಲಿ ಬಿ, ಸೂಕ್ಷ್ಮಜೀವಿಯಲ್ಲಿ ಬಿ, ರಸಾಯನದಲ್ಲಿ ಡಿ, ಸಂಖ್ಯಾಶಾಸ್ತ್ರದಲ್ಲಿ ಎ ಬಂದರೆ 12, 12, 4, 12, ಮೊತ್ತ 40. ಅದನ್ನು 15 ಕ್ರೆಡಿಟ್‌ಗಳಿಂದ ಭಾಗಿಸಿದರೆ 2.67. ರಸಾಯನವನ್ನು ಬಿಟ್ಟು, ಉಳಿದ ಹೊತ್ತಿನಿಂದ ಶರೀರದಲ್ಲಿ ಎ, ಸೂಕ್ಷ್ಮಜೀವಿಯಲ್ಲಿ ಬಿ, ಸಂಖ್ಯಾಶಾಸ್ತ್ರದಲ್ಲಿ ಎ ಬಂದರೆ 16, 12, 12. ಮೊತ್ತ ಅದೇ 40. ಆದರೆ ಭಾಗಿಸಬೇಕಾದದ್ದು 11ರಿಂದ, ಬಂದದ್ದು 3.64. ಇದಲ್ಲದೆ ನರ್ಸಿಂಗ್ ಶಾಲೆಗಳು ಸಾಮಾನ್ಯವಾಗಿ ಸಿ ಶ್ರೇಣಿಗಿಂತ ಕೆಳಗಿನದನ್ನು ಒಪ್ಪುವುದಿಲ್ಲವಾದ್ದರಿಂದ, ಡಿ ಪಡೆದು ಮುಗಿಸಿದರೂ ರಸಾಯನವನ್ನು ಇನ್ನೊಂದು ಸಾರಿ ಓದಲೇಬೇಕು. ಎರಡನೆಯ ಸಾರಿ ಓದಿದ್ದಕ್ಕೆ ಮಿತಿಯಿಟ್ಟಿರುವ ಶಾಲೆಗಳೂ ಉಂಟು. ಹಾಗಿದ್ದ ಮೇಲೆ ನಾವು ಹೊಗಳಿದ ಹಟದಿಂದ ದೊರೆಯುತ್ತಿದ್ದುದು ಏನು?

ಬಿಡುವವರು ನೋಡಿಕೊಳ್ಳಬೇಕಾದ ಗುಂಡಿಗಳೂ ಇವೆ. 12 ಕ್ರೆಡಿಟ್‌ಗಳಿದ್ದರೆ ಪೂರ್ಣಕಾಲದ ವಿದ್ಯಾರ್ಥಿ; ಅದಕ್ಕಿಂತ ಇಳಿದರೆ ಅಲ್ಲ. 15ರಿಂದ 4 ಕಳೆದರೆ 11. ಒಂದೇ ಒಂದು ಕಡಮೆಯಾಯಿತು. ನಮ್ಮವಳು ಸ್ವಂತ ಹಣದಿಂದ ಓದುತ್ತಿದ್ದಳು, ಅಲ್ಲಿಯ ಕಾಯಂ ನಿವಾಸಿಯೂ ಹೌದು, ಆದ್ದರಿಂದ ಬಾಧೆಯಾಗಲಿಲ್ಲ. ಸರ್ಕಾರದ ಸಹಾಯಧನ ಪಡೆಯುವವರಿಗೆ ಹಣ ಕಡಮೆಯಾಗಬಹುದು. ವಿದ್ಯಾರ್ಥಿ ವೀಸಾದ ಮೇಲೆ ಹೋದವರಂತೂ ಕಾಲೇಜಿನ ಅಧಿಕಾರಿಯ ಅನುಮತಿಯನ್ನು ಮೊದಲು ಪಡೆಯದೆ ಇಳಿಯಲೇ ಕೂಡದು. ಟೆಕ್ಸಾಸ್ ಪ್ರಾಂತದಲ್ಲಿ ಇನ್ನೊಂದು ಕಟ್ಟುಂಟು: 2007ರಿಂದೀಚೆಗೆ ಸರ್ಕಾರಿ ಕಾಲೇಜುಗಳಿಗೆ ಸೇರಿದವರು ತಕ್ಕ ಕಾರಣವಿಲ್ಲದೆ ಒಟ್ಟು ಆರಕ್ಕಿಂತ ಹೆಚ್ಚು ವಿಷಯಗಳನ್ನು ನಡುವೆ ಬಿಡುವಂತಿಲ್ಲ. ಆದಕಾರಣ ಬಿಡುವುದೂ ಜಮಾಖರ್ಚಿನ ಬಾಬತ್ತೇ.

ಅವಳು ರಸಾಯನವನ್ನು ಬಿಟ್ಟಳು. ಅದೇ ವಾರ ನವರಾತ್ರಿಯೂ ಬಂದಿತು.

ತಂಗಿ ಪ್ರತಿವರ್ಷವೂ ಗೊಂಬೆ ಕೂರಿಸುವವಳು. ಹತ್ತು ಮನೆಯವರು ಕುಂಕುಮಕ್ಕೆ ಬರುವರು, ದಿನಕ್ಕೊಂದು ಚರುಪು. ಈ ಸಾರಿ ಅವಳು ಒಂಬತ್ತು ಮೆಟ್ಟಿಲುಗಳ ಬದಲು ಮೂರನ್ನು ಕಟ್ಟಿ, ಬರುವವರಿಗೆ ಒಂದೇ ಸಂಜೆಯನ್ನು ಗೊತ್ತುಮಾಡಿದಳು. ಯಾರೂ ಕೇಳಿರಲಿಲ್ಲ; ತಾನಾಗಿಯೇ ಮಾಡಿದಳು. ಆದರೆ ಸರಸ್ವತೀಪೂಜೆಯ ವಿಷಯದಲ್ಲಿ ಮಾತ್ರ ಬಿಗಿ. ಪುಸ್ತಕಗಳನ್ನು ಪೂಜೆಗಿಟ್ಟ ಮೇಲೆ ದೇವಿಯನ್ನು ವಿಸರ್ಜಿಸುವವರೆಗೆ ಓದಬಾರದೆಂಬುದು ನಮ್ಮ ಮನೆತನದ ಪದ್ಧತಿ. ಸೊಸೆಗೆ ಮುಂದಿನ ವಾರವೇ ಮೂಳೆಗಳ ಪರೀಕ್ಷೆ. ಅವಳು ಬಾಗಿಲ ಬಳಿ ಪುಸ್ತಕವನ್ನು ಎದೆಗೊತ್ತಿಕೊಂಡು ನಿಂತಿದ್ದಳು. ತಂಗಿ ಸ್ವಲ್ಪ ಹೊತ್ತು ಯೋಚಿಸಿ, “ಬಿಟ್ಟಿದ್ದೀಯಲ್ಲ, ಆ ರಸಾಯನದ ಪುಸ್ತಕ ಕೊಡು. ಅದನ್ನು ದೇವಿಯ ಮುಂದೆ ಇಡೋಣ. ನೀನು ಹೋಗಿ ಮೂಳೆ ಓದು” ಎಂದಳು. ಧರ್ಮಶಾಸ್ತ್ರದಲ್ಲಿ ಇದಕ್ಕೆ ಆಧಾರವಿದೆಯೋ ಇಲ್ಲವೋ ನಾವು ಹುಡುಕಲು ಹೋಗಲಿಲ್ಲ.

ಅಲ್ಲಿಂದ ಮುಂದೆ ಓದಿನ ರೀತಿಯೂ ಬದಲಾಯಿತು. ಮೊದಲು ಅವಳು ಪುಟಗಳನ್ನು ಹಳದಿ ಬಣ್ಣದಿಂದ ಗುರುತು ಮಾಡುತ್ತ ಮೂರು ಮೂರು ಸಾರಿ ಓದುತ್ತಿದ್ದಳು. ಹಾಗೆ ಓದಿದಾಗ ಎಲ್ಲವೂ ಬಂದಂತೆಯೇ ತೋರುವುದು. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಈ ಭ್ರಮೆಯು ಬಯಲಾಗಿದೆ. ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು; ಕೆಲವರು ಓದಿ, ಪಾಠವನ್ನು ಪಕ್ಕಕ್ಕಿಟ್ಟು, ನೆನಪಿನಿಂದ ಬರೆದರು. ಐದು ನಿಮಿಷಗಳ ನಂತರ ಕೇಳಿದಾಗ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದಾಗ ಬರೆದವರು ಮುಂದು. ಕಲಿತದ್ದು ಎಷ್ಟು ಬೇಗ ಅಳಿಸಿಹೋಗುವುದೆಂದು ಜರ್ಮನಿಯ ಎಬ್ಬಿಂಗ್‌ಹೌಸ್ ತನ್ನನ್ನೇ ಪರೀಕ್ಷಿಸಿಕೊಂಡು 1885ರಷ್ಟು ಹಿಂದೆಯೇ ಬರೆದಿಟ್ಟಿರುವನು. ಪುಸ್ತಕ ಮುಚ್ಚಿಸಿ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ ನಮ್ಮ ತಾತಂದಿರಿಗೆ ಇದೇನೂ ಹೊಸ ಮಾತಲ್ಲ; ಆದರೆ ಅರ್ಥ ತಿಳಿಯದ ಬಾಯಿಪಾಠಕ್ಕೂ ಇದಕ್ಕೂ ಅಂತರವುಂಟೆಂಬುದನ್ನು ಮರೆಯಬಾರದು.

ಒಪ್ಪಿಸಿಕೊಳ್ಳುವವರು ಬೇಕಲ್ಲ. ಗಂಡನು ಮನೆಗೆ ಬರುವಾಗ ರಾತ್ರಿಯಾಗುವುದು. ನಮಗೆ ಅಕ್ಷರಗಳು ಕಾಣುವುದಿಲ್ಲ. ತಂಗಿಗೆ ಇಂಗ್ಲಿಷ್ ಓದಲು ಬಾರದು. ಸೊಸೆ ಮೂಳೆಗಳ ಚಿತ್ರಗಳನ್ನು ಚೀಟಿಗಳ ಮೇಲೆ ಬರೆದು, ಹಿಂಭಾಗದಲ್ಲಿ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದಳು. ದಿನವೂ ಬೆಳಿಗ್ಗೆ ತಂಗಿ ಹುರುಳಿಕಾಯಿ ಸೋಸುತ್ತ ಚೀಟಿ ತೋರಿಸುವಳು. ಸೊಸೆ ಮಗುವಿನ ಡಬ್ಬಿ ಕಟ್ಟುತ್ತ ಹೆಸರು ಹೇಳುವಳು. ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳು: ಸ್ಕೇಫಾಯ್ಡ್, ಲೂನೇಟ್, ಟ್ರೈಕ್ವೆಟ್ರಮ್, ಪಿಸಿಫಾರ್ಮ್, ಟ್ರಪೀಜಿಯಮ್, ಟ್ರಪೀಜಾಯ್ಡ್, ಕ್ಯಾಪಿಟೇಟ್, ಹ್ಯಾಮೇಟ್. ಐದನೆಯದಕ್ಕೂ ಆರನೆಯದಕ್ಕೂ ಸೊಸೆ ತಪ್ಪಿದಾಗಲೆಲ್ಲ ತಂಗಿ, “ಇನ್ನೊಂದು ಸಲ ಹೇಳು” ಎನ್ನುವಳು. ತಪ್ಪಿದ ಚೀಟಿ ನಾಳೆಗೆ, ಸರಿಯಾದದ್ದು ಮೂರು ದಿನ ಬಿಟ್ಟು. ಈ ವ್ಯವಸ್ಥೆ ತಂಗಿಯದೇ.

ಪುಸ್ತಕಗಳ ವಿಷಯವಾಗಿ ಒಂದು ಮಾತು, ಏಕೆಂದರೆ ಅವುಗಳ ಬೆಲೆಯನ್ನು ಕೇಳಿ ನಾವು ಬೆರಗಾದೆವು. ಅದೇ ಹ್ಯೂಸ್ಟನ್ ನಗರದ ರೈಸ್ ವಿಶ್ವವಿದ್ಯಾನಿಲಯದವರು ‘ಓಪನ್‌ಸ್ಟ್ಯಾಕ್ಸ್’ ಎಂಬ ಹೆಸರಿನಲ್ಲಿ ಪಠ್ಯಪುಸ್ತಕಗಳನ್ನು ಪ್ರಕಟಿಸಿ, ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಕಾಸು ಕೊಡದೆ ಓದುವಂತೆ ಇಟ್ಟಿರುವರು. ಶರೀರಶಾಸ್ತ್ರದ್ದು 2013ರಲ್ಲಿಯೂ, ಸೂಕ್ಷ್ಮಜೀವಿಶಾಸ್ತ್ರದ್ದು 2016ರಲ್ಲಿಯೂ ಹೊರಬಂದಿವೆ. ಮೈಸೂರಿನಲ್ಲಿ ಕುಳಿತ ಹುಡುಗಿಯೂ ಇವನ್ನು ಓದಬಹುದು. ಮುಂದೆ ಆ ದೇಶಕ್ಕೆ ಹೋಗುವ ಯೋಚನೆಯಿರುವವರು ಮೊದಲ ಕೆಲವು ಅಧ್ಯಾಯಗಳನ್ನು ಇಲ್ಲಿಯೇ ತಿರುವಿಹಾಕಿದ್ದರೆ ಹೊಸ ಶಬ್ದಗಳ ಭಯ ಅರ್ಧ ಕಡಮೆಯಾದೀತು.

ಇನ್ನು ಯಾವುದರ ಜೊತೆಗೆ ಯಾವುದನ್ನು ಓದಬೇಕೆಂಬ ಪ್ರಶ್ನೆ. ನಮ್ಮ ದೇಶದ ನರ್ಸಿಂಗ್ ಕೌನ್ಸಿಲ್ಲಿನವರು 2021ರಲ್ಲಿ ಮಾಡಿದ ಪಠ್ಯಕ್ರಮದಲ್ಲಿ ಶರೀರರಚನೆ ಮತ್ತು ಅಂಗಕ್ರಿಯೆಗಳು ಮೊದಲ ಅವಧಿಯಲ್ಲಿಯೂ, ಜೀವರಸಾಯನವು ಎರಡನೆಯದರಲ್ಲಿಯೂ, ಸೂಕ್ಷ್ಮಜೀವಿಶಾಸ್ತ್ರವು ಮೂರನೆಯದರಲ್ಲಿಯೂ ಬರುವುವು. ಯಾರೋ ತಿಳಿದವರು ಕುಳಿತು ಹಂಚಿರುವರು, ವಿದ್ಯಾರ್ಥಿನಿ ಯೋಚಿಸಬೇಕಾಗಿಲ್ಲ. ಅಮೆರಿಕದಲ್ಲಿ ಆರಿಸುವ ಸ್ವಾತಂತ್ರ್ಯವನ್ನು ಅವಳಿಗೇ ಕೊಟ್ಟಿರುವರು. ಜೊತೆಗೆ ತಪ್ಪು ಮಾಡುವ ಸ್ವಾತಂತ್ರ್ಯವೂ ಬಂದಿದೆ. ನಮಗೆ ಕಂಡಮಟ್ಟಿಗೆ, ವಿಜ್ಞಾನದ ಪರಿಚಯವಿಲ್ಲದೆ ಬಂದವಳು ರಸಾಯನವನ್ನು ಮೊದಲು, ಪ್ರಯೋಗಶಾಲೆಯಿಲ್ಲದ ವಿಷಯಗಳ ಜೊತೆಗೆ ಮುಗಿಸಿಕೊಳ್ಳುವುದು ಮೇಲು. ಜೀವಕೋಶದ ಪೊರೆಯಲ್ಲಿ ಮೂರು ಸೋಡಿಯಂ ಹೊರಕ್ಕೂ ಎರಡು ಪೊಟ್ಯಾಸಿಯಂ ಒಳಕ್ಕೂ ಸಾಗುವುದನ್ನು ಶರೀರಶಾಸ್ತ್ರದವರು ಮೊದಲ ತಿಂಗಳಿನಲ್ಲಿಯೇ ಹೇಳುವರು. ಸೋಡಿಯಂ ಎಂದರೇನೆಂದು ತಿಳಿಯದವಳು ಅದನ್ನು ಮಂತ್ರದಂತೆ ಉರುಹಾಕಬೇಕಾಗುವುದು. ಸೂಕ್ಷ್ಮಜೀವಿಶಾಸ್ತ್ರಕ್ಕೆ ತಕ್ಕ ಜೊತೆಯೆಂದರೆ ಶರೀರಶಾಸ್ತ್ರದ ಎರಡನೆಯ ಭಾಗ. ರಕ್ತ, ರೋಗನಿರೋಧಶಕ್ತಿ ಮೊದಲಾದವು ಎರಡರಲ್ಲಿಯೂ ಬರುವುದರಿಂದ ಒಂದರ ಓದು ಇನ್ನೊಂದಕ್ಕೆ ಉಪಯೋಗವಾಗುವುದು. ಬೇಸಗೆಯ ಎಂಟು ವಾರಗಳಲ್ಲಿ ಒಂದು ಶಾಸ್ತ್ರವನ್ನು ಮುಗಿಸಿಬಿಡುವೆನೆನ್ನುವವರು, 15 ವಾರಗಳ 180 ಗಂಟೆಗಳು ಎಂಟು ವಾರಗಳಿಗೆ ಇಳಿದಾಗ ವಾರಕ್ಕೆ ಇಪ್ಪತ್ತೆರಡೂವರೆಯಾಗುವುದನ್ನು ನೆನೆಯಬೇಕು. ಅದೊಂದನ್ನೇ ಓದುವುದಾದರೆ ಸರಿ. ಮೂರನ್ನು ಒಂದೇ ಅವಧಿಯಲ್ಲಿ ಮುಗಿಸಿದ ಹುಡುಗಿಯರೂ ಅವಳ ತರಗತಿಯಲ್ಲಿದ್ದರು. ಅವರಿಗೆ ಬೇರೆ ಕೆಲಸವಿರಲಿಲ್ಲ, ಮಗುವಿರಲಿಲ್ಲ, ಪ್ರೌಢಶಾಲೆಯಲ್ಲಿ ರಸಾಯನವನ್ನು ಓದಿಯೇ ಬಂದಿದ್ದರು. ಅವರನ್ನು ನೋಡಿ ಇವಳು ಕುಗ್ಗಿದಳು. ಕುಗ್ಗಬೇಕಾದ ಕಾರಣವನ್ನು ನಾವು ಕಾಣೆವು.

ಡಿಸೆಂಬರಿನಲ್ಲಿ ನಾವು ಊರಿಗೆ ಹೊರಡುವ ಹಿಂದಿನ ದಿನ ಫಲಿತಾಂಶ ಬಂದಿತು. ಶರೀರಶಾಸ್ತ್ರದಲ್ಲಿ ಎ, ಸೂಕ್ಷ್ಮಜೀವಿಯಲ್ಲಿ ಬಿ, ಸಂಖ್ಯಾಶಾಸ್ತ್ರದಲ್ಲಿ ಎ. ಸಲಹೆಗಾರರ ಕಾಗದದಲ್ಲಿದ್ದುದು ಅಕ್ಷರಶಃ ನಿಜವಾಯಿತು. 2024ರ ಜನವರಿಯಿಂದ ಅವಳು ರಸಾಯನವನ್ನೂ ಶರೀರಶಾಸ್ತ್ರದ ಎರಡನೆಯ ಭಾಗವನ್ನೂ, ಎರಡನ್ನೇ, ಓದಿದಳು. ಆಮ್ಲ ಕ್ಷಾರಗಳ ಪಾಠವು ರಸಾಯನದಲ್ಲಿ ನಡೆದ ಕೆಲವು ವಾರಗಳಲ್ಲಿಯೇ ರಕ್ತದ ಪಿ.ಎಚ್. ಪ್ರಮಾಣವು 7.35ರಿಂದ 7.45ರೊಳಗೆ ಏಕೆ ನಿಲ್ಲಬೇಕೆಂಬುದು ಶರೀರಶಾಸ್ತ್ರದಲ್ಲಿ ಬಂದಿತಂತೆ. “ಮಾವ, ಎರಡೂ ಒಂದೇ ಪಾಠ” ಎಂದು ಟೆಲಿಫೋನಿನಲ್ಲಿ ಕೂಗಿದಳು. ನಮಗೆ ಏನೂ ಅರ್ಥವಾಗಲಿಲ್ಲ. ಆದರೆ ಆ ಧ್ವನಿಯನ್ನು ಕೇಳಿ ಬಹಳ ದಿನಗಳಾಗಿದ್ದವು. ಆ ಬೇಸಗೆಯಲ್ಲಿ 170 ಪ್ರಶ್ನೆಗಳ ‘ಟೀಸ್’ ಎಂಬ ಪ್ರವೇಶಪರೀಕ್ಷೆಯನ್ನು ಕೊಟ್ಟಳು. ಆಗಸ್ಟಿನಲ್ಲಿ ದೊರೆಯಬಹುದಾಗಿದ್ದ ಪ್ರವೇಶವು 2025ರ ಜನವರಿಯಲ್ಲಿ ದೊರೆಯಿತು. ಆ ರಾತ್ರಿ ಊಟದ ಮೇಜಿನ ಬಳಿ ನಾವೆಲ್ಲರೂ ಒಂದು ವರ್ಷ ಹೋಯಿತೆಂದು ಮರುಗಿದ್ದೆವು. ಹೋದದ್ದು ಐದು ತಿಂಗಳು.

ಕಳೆದ ಬಾರಿ ತಂಗಿ ಟೆಲಿಫೋನು ಮಾಡಿದಾಗ, ಸೊಸೆ ಆಸ್ಪತ್ರೆಯ ಪಾಳಿಗೆ ಹೋಗಿರುವಳೆಂದೂ ಮೊಮ್ಮಗನಿಗೆ ತಾನೇ ಡಬ್ಬಿ ಕಟ್ಟಿದೆನೆಂದೂ ಹೇಳಿದಳು. ಮಾತಿನ ನಡುವೆ ನಾವು, ಬಚ್ಚಲಿನಲ್ಲಿ ಜಾರಿ ಕೈಯೂರಿದ್ದರಿಂದ ಮಣಿಕಟ್ಟು ನೋಯುತ್ತಿದೆಯೆಂದೆವು. “ಹೆಬ್ಬೆಟ್ಟಿನ ಕಡೆಗೋ, ಕಿರುಬೆರಳಿನ ಕಡೆಗೋ ಅಣ್ಣ?” ಎಂದು ಕೇಳಿದಳು. ಹೆಬ್ಬೆಟ್ಟಿನ ಕಡೆಗೆ ಎಂದೆವು. “ಹಾಗಾದರೆ ಸ್ಕೇಫಾಯ್ಡ್ ಇರಬೇಕು. ಇವತ್ತೇ ಹೋಗಿ ಡಾಕ್ಟರಿಗೆ ತೋರಿಸು” ಎಂದಳು.